ಗುಂಪಿನ ಭಾಗವಾಗಿ ಭಿನ್ನರಾಶಿ: ಚಿಕ್ಕ ಮಕ್ಕಳಿಗೆ ಕಲಿಸುವವರು ಪದೇ ಪದೇ ಕೇಳುವ ಪ್ರಶ್ನೆಗಳು

ವೃತ್ತವೊಂದನ್ನು ನಾಲ್ಕು ಸಮಭಾಗ ಮಾಡಿ ಒಂದಕ್ಕೆ ಬಣ್ಣ ಹಚ್ಚಿ ತೋರಿಸಿದರೆ ತಟ್ಟನೆ ‘ಕಾಲುಭಾಗ’ ಎನ್ನುವ ಮಗು, ಹನ್ನೆರಡು ಗುಂಡಿಗಳನ್ನು ಮುಂದಿಟ್ಟು ‘ಇದರಲ್ಲಿ ಕಾಲುಭಾಗ ಕೊಡು’ ಎಂದಾಗ ನಾಲ್ಕು ಗುಂಡಿಗಳನ್ನು ಎತ್ತಿಕೊಡುವುದು ಬಹಳ ಸಾಮಾನ್ಯ. ಮಗು ಪಾಠವನ್ನು ಮರೆತಿದೆ ಎಂದು ಇದರಿಂದ ತಿಳಿಯಬಾರದು. ಬಿಡಿಬಿಡಿಯಾದ ವಸ್ತುಗಳ ಗುಂಪೊಂದನ್ನು ‘ಒಂದು’ ಎಂದು ನೋಡುವ ಅಭ್ಯಾಸ ಅದಕ್ಕೆ ಇನ್ನೂ ಆಗಿಲ್ಲ, ಅಷ್ಟೆ. ಆ ಅಭ್ಯಾಸವನ್ನು ಬೆಳೆಸುವುದು ಹೇಗೆ ಎಂಬುದರ ಸುತ್ತಲೇ ಶಿಕ್ಷಕರೂ ಪೋಷಕರೂ ಕೇಳುವ ಹೆಚ್ಚಿನ ಪ್ರಶ್ನೆಗಳು ಇರುತ್ತವೆ.

ಗುಂಪಿನ ಭಾಗವಾಗಿ ಭಿನ್ನರಾಶಿ ಎಂದರೆ ಏನು?

ಭಿನ್ನರಾಶಿಯನ್ನು ಮಕ್ಕಳಿಗೆ ಸಾಮಾನ್ಯವಾಗಿ ಮೂರು ಬಗೆಯಲ್ಲಿ ತೋರಿಸಲಾಗುತ್ತದೆ: ಒಂದು ಆಕೃತಿಯ ಭಾಗವಾಗಿ, ಒಂದು ಉದ್ದದ ಭಾಗವಾಗಿ ಮತ್ತು ವಸ್ತುಗಳ ಒಂದು ಗುಂಪಿನ ಭಾಗವಾಗಿ. ಮೂರನೆಯ ಬಗೆಯಲ್ಲಿ ಯಾವುದನ್ನೂ ಕತ್ತರಿಸುವುದಿಲ್ಲ, ಮಡಚುವುದೂ ಇಲ್ಲ. ಹನ್ನೆರಡು ಗುಂಡಿಗಳಿರುವ ಗುಂಪು ಇಲ್ಲಿ ಪೂರ್ಣವಾಗುತ್ತದೆ. ಅದನ್ನು ಮೂರು ಸಮಭಾಗಗಳಾಗಿ ವಿಂಗಡಿಸಿದರೆ ಪ್ರತಿ ಭಾಗದಲ್ಲಿಯೂ ನಾಲ್ಕು ಗುಂಡಿಗಳಿರುತ್ತವೆ. ಅಂತಹ ಒಂದು ಭಾಗ ಇಡೀ ಗುಂಪಿನ 1/3 ಆಗುತ್ತದೆ, ಎರಡು ಭಾಗಗಳು ಸೇರಿ 2/3 ಆಗುತ್ತವೆ. ಭಾಗಗಳು ಸಮವಾಗಿವೆ ಎಂಬುದಕ್ಕೆ ಇಲ್ಲಿರುವ ಆಧಾರ ಎಣಿಕೆಯೇ ಹೊರತು ಆಕಾರವಲ್ಲ.

ಮಕ್ಕಳಿಗೆ ಇದು ಏಕೆ ಇಷ್ಟೊಂದು ಕಷ್ಟವಾಗುತ್ತದೆ?

ಎಣಿಕೆ ಕಲಿಯುವಾಗ ಮಗು ಮುಟ್ಟಿದ ಪ್ರತಿಯೊಂದು ವಸ್ತುವೂ ‘ಒಂದು’ ಆಗಿರುತ್ತದೆ. ಭಿನ್ನರಾಶಿಗೆ ಬಂದ ಕೂಡಲೇ ಅವೇ ವಸ್ತುಗಳೆಲ್ಲ ಸೇರಿ ‘ಒಂದು’ ಆಗಬೇಕು, ಆದರೂ ಅವುಗಳನ್ನು ಒಂದೊಂದಾಗಿ ಎಣಿಸುವುದು ನಿಲ್ಲಬಾರದು. ‘ಹನ್ನೆರಡರ ಮೂರನೇ ಎರಡು ಭಾಗ ಎಷ್ಟು’ ಎಂಬ ಸಣ್ಣ ಪ್ರಶ್ನೆಯಲ್ಲಿ ಮಗು ಐದು ಸಂಖ್ಯೆಗಳನ್ನು ನಿಭಾಯಿಸಬೇಕಾಗುತ್ತದೆ: ಒಟ್ಟು ವಸ್ತುಗಳು 12, ಸಮಭಾಗಗಳು 3, ಒಂದು ಭಾಗದಲ್ಲಿರುವ ವಸ್ತುಗಳು 4, ತೆಗೆದುಕೊಂಡ ಭಾಗಗಳು 2, ಉತ್ತರ 8. ಇವುಗಳಲ್ಲಿ ಕೆಲವು ವಸ್ತುಗಳ ಸಂಖ್ಯೆ, ಕೆಲವು ಭಾಗಗಳ ಸಂಖ್ಯೆ. ಯಾವುದು ಯಾವುದರ ಎಣಿಕೆ ಎಂಬುದು ಸ್ವಲ್ಪ ಮಸುಕಾದರೂ ಉತ್ತರ ತಪ್ಪುತ್ತದೆ.

ಇದರ ಬೇರು ಇನ್ನೂ ಆಳದಲ್ಲಿದೆ. ಸ್ವಿಟ್ಜರ್ಲೆಂಡಿನ ಮನೋವಿಜ್ಞಾನಿ ಜೀನ್ ಪಿಯಾಜೆ ಅವರು ಅಲಿನಾ ಶೆಮಿನ್ಸ್ಕಾ ಅವರೊಂದಿಗೆ ನಡೆಸಿ 1941ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಮರದ ಮಣಿಗಳ ಪೆಟ್ಟಿಗೆಯೊಂದನ್ನು ಮಕ್ಕಳ ಮುಂದಿಡಲಾಗಿತ್ತು. ಅದರಲ್ಲಿ ಹೆಚ್ಚಿನವು ಕಂದು ಬಣ್ಣದವು, ಕೆಲವು ಮಾತ್ರ ಬಿಳಿಯವು. ‘ಕಂದು ಮಣಿಗಳು ಹೆಚ್ಚೋ, ಮರದ ಮಣಿಗಳು ಹೆಚ್ಚೋ’ ಎಂದು ಕೇಳಿದಾಗ ಚಿಕ್ಕ ಮಕ್ಕಳು ‘ಕಂದು ಮಣಿಗಳೇ ಹೆಚ್ಚು’ ಎಂದು ಉತ್ತರಿಸುತ್ತಿದ್ದರು. ಮಣಿಗಳೆಲ್ಲವೂ ಮರದವೇ ಎಂಬುದು ಅವರಿಗೆ ಗೊತ್ತಿತ್ತು. ಆದರೂ ಭಾಗವನ್ನು ಪೂರ್ಣದೊಂದಿಗೆ ಹೋಲಿಸುವ ಬದಲು ಒಂದು ಭಾಗವನ್ನು ಇನ್ನೊಂದು ಭಾಗದೊಂದಿಗೆ ಹೋಲಿಸಿಬಿಡುತ್ತಿದ್ದರು. ಸುಮಾರು ಏಳೆಂಟು ವರ್ಷದ ಹೊತ್ತಿಗೆ ಮಕ್ಕಳು ಇದನ್ನು ದಾಟುತ್ತಾರೆ ಎಂದು ಪಿಯಾಜೆ ಭಾವಿಸಿದ್ದರು.

ಆದರೆ ಪ್ರಶ್ನೆ ಕೇಳುವ ರೀತಿಯೂ ಉತ್ತರವನ್ನು ಬದಲಿಸಬಲ್ಲದು ಎಂಬುದನ್ನು ನಂತರದ ಸಂಶೋಧಕರು ತೋರಿಸಿಕೊಟ್ಟರು. ಎಲೆನ್ ಮಾರ್ಕ್‌ಮನ್ ಅವರು 1973ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪ್ರಾಣಿಗಳ ಗುಂಪನ್ನು ‘ಕುಟುಂಬ’ ಎಂಬ ಒಂದೇ ಹೆಸರಿನಿಂದ ಕರೆದಾಗ ಮಕ್ಕಳು ಭಾಗವನ್ನು ಪೂರ್ಣದೊಂದಿಗೆ ಹೋಲಿಸುವುದರಲ್ಲಿ ಹೆಚ್ಚು ಯಶಸ್ವಿಯಾದರು. ತರಗತಿಯಲ್ಲಿ ಇದನ್ನು ನೇರವಾಗಿ ಬಳಸಬಹುದು. ‘ಈ ಗುಂಡಿಗಳು’ ಎನ್ನುವುದಕ್ಕಿಂತ ‘ಈ ಗುಂಡಿಗಳ ಗುಂಪು’ ಎನ್ನುವುದು ಮೇಲು. ಗುಂಪಿಗೆ ಮಕ್ಕಳೇ ಒಂದು ಹೆಸರು ಇಟ್ಟರೆ ಇನ್ನೂ ಒಳ್ಳೆಯದು.

ಯಾವ ವಯಸ್ಸಿನಲ್ಲಿ ಆರಂಭಿಸಬಹುದು?

ಭಿನ್ನರಾಶಿ ಎಂಬ ಹೆಸರಿಲ್ಲದೆ ನಾಲ್ಕೈದು ವರ್ಷದಲ್ಲಿಯೇ ಆರಂಭಿಸಬಹುದು. ನಿನಗೊಂದು, ನನಗೊಂದು ಎಂದು ಸರದಿಯಂತೆ ಹಂಚುವುದು ಈ ವಯಸ್ಸಿನ ಅನೇಕ ಮಕ್ಕಳಿಗೆ ಸಾಧ್ಯ. ಆದರೆ ಹೀಗೆ ಹಂಚಿದ ಮೇಲೆ ಇಬ್ಬರ ಬಳಿಯೂ ಅಷ್ಟಷ್ಟೇ ಇರಲೇಬೇಕು ಎಂಬ ತೀರ್ಮಾನಕ್ಕೆ ಅವರು ತಾವಾಗಿಯೇ ಬರುತ್ತಾರೆ ಎಂದುಕೊಳ್ಳಬಾರದು. ಹಂಚಿದ ಬಳಿಕ ಒಂದು ಪಾಲನ್ನು ಬಟ್ಟೆಯಿಂದ ಮುಚ್ಚಿ, ಇನ್ನೊಂದನ್ನು ಮಗುವಿನಿಂದ ಎಣಿಸಿ, ಮುಚ್ಚಿದ್ದರಲ್ಲಿ ಎಷ್ಟಿವೆ ಎಂದು ಕೇಳಿ ನೋಡಿ. ಬಟ್ಟೆಯನ್ನು ಸರಿಸದೆ ಸರಿಯಾದ ಉತ್ತರ ಕೊಡುವ ಮಗು ಮುಂದಿನ ಹಂತಕ್ಕೆ ಸಿದ್ಧವಾಗಿದೆ.

ಐದಾರು ವರ್ಷದಲ್ಲಿ ಅರ್ಧ ಮತ್ತು ಕಾಲು, ಏಳೆಂಟು ವರ್ಷದಲ್ಲಿ ಮೂರನೇ ಒಂದು, ಮುಕ್ಕಾಲು, ಮೂರನೇ ಎರಡು ಎಂಬ ಕ್ರಮ ಹೆಚ್ಚಿನ ಮಕ್ಕಳಿಗೆ ಹೊಂದುತ್ತದೆ. ವಯಸ್ಸಿಗಿಂತ ಮೇಲಿನ ಬಟ್ಟೆಯ ಪರೀಕ್ಷೆಯೇ ಹೆಚ್ಚು ನಂಬಲರ್ಹ ಎಂಬುದು ನನ್ನ ಅಭಿಪ್ರಾಯ.

ಮೊದಲು ಆಕೃತಿಯ ಭಾಗ ಕಲಿಸಬೇಕೆ, ಗುಂಪಿನ ಭಾಗವೆ?

ಹಂಚುವ ಆಟ ಮೊದಲು ಬರಲಿ, ಅರ್ಧ, ಕಾಲು ಎಂಬ ಹೆಸರುಗಳನ್ನು ಎರಡರಲ್ಲೂ ಒಟ್ಟಿಗೆ ಪರಿಚಯಿಸಿ. ವಾರಗಟ್ಟಲೆ ವೃತ್ತ ಮತ್ತು ಆಯತಗಳನ್ನು ಮಾತ್ರ ತೋರಿಸಿದರೆ ಮಕ್ಕಳು ಭಿನ್ನರಾಶಿ ಎಂದರೆ ಒಂದು ಚಿತ್ರದ ತುಂಡು ಎಂದೇ ತಿಳಿಯುತ್ತಾರೆ. ಆಮೇಲೆ ಅದನ್ನು ಬಿಡಿಸುವುದು ಹೊಸದಾಗಿ ಕಲಿಸುವುದಕ್ಕಿಂತ ಹೆಚ್ಚು ಶ್ರಮದ ಕೆಲಸ.

ಯಾವ ವಸ್ತುಗಳನ್ನು ಬಳಸಬೇಕು, ಎಷ್ಟು ಬಳಸಬೇಕು?

ಗುಂಡಿ, ಮಣಿ, ಬೆಣಚುಕಲ್ಲು, ರಟ್ಟಿನ ಬಿಲ್ಲೆ, ಬೀಜ, ಹೀಗೆ ಕೈಯಲ್ಲಿ ಹಿಡಿದು ಸರಿಸಲು ಬರುವ ಯಾವುದಾದರೂ ಸಾಕು. ಒಂದು ಬದಿಗೆ ಒಂದು ಬಣ್ಣ, ಇನ್ನೊಂದು ಬದಿಗೆ ಬೇರೆ ಬಣ್ಣ ಹಚ್ಚಿದ ರಟ್ಟಿನ ಬಿಲ್ಲೆಗಳು ವಿಶೇಷವಾಗಿ ಉಪಯುಕ್ತ. ಅವುಗಳನ್ನು ಮಗುಚಿದರೆ ಸಾಕು, ಗುಂಪು ಬದಲಾಗದೆ ಭಾಗ ಮಾತ್ರ ಬದಲಾಗುತ್ತದೆ. ಕೆಂಪು ಮತ್ತು ಹಸಿರನ್ನು ಬೇರ್ಪಡಿಸಿ ನೋಡಲಾಗದ ಮಕ್ಕಳು ತರಗತಿಯಲ್ಲಿ ಇರಬಹುದಾದ್ದರಿಂದ ನೀಲಿ ಮತ್ತು ಹಳದಿಯನ್ನು ಆರಿಸಿಕೊಳ್ಳುವುದು ಒಳ್ಳೆಯದು. ಕಣ್ಣು ಕಾಣದ ಮಗುವಿಗೆ ನುಣುಪು ಮತ್ತು ಒರಟು ಮೇಲ್ಮೈಯ ವಸ್ತುಗಳನ್ನು ಕೊಟ್ಟರೆ ಇಡೀ ಪಾಠವನ್ನು ಬೆರಳುಗಳಿಂದಲೇ ಕಲಿಯಬಹುದು. ಸಣ್ಣ ವಸ್ತುಗಳನ್ನು ಬಾಯಿಗೆ ಹಾಕಿಕೊಳ್ಳುವ ವಯಸ್ಸಿನ ಮಕ್ಕಳು ಹತ್ತಿರವಿದ್ದರೆ ಗುಂಡಿ, ಮಣಿಗಳನ್ನು ದೂರವಿಡಬೇಕು.

ಸಂಖ್ಯೆಯ ಆಯ್ಕೆಗೆ ಇನ್ನೂ ಹೆಚ್ಚಿನ ಗಮನ ಬೇಕು. ಹನ್ನೆರಡು 2, 3, 4, 6ರಿಂದ ನಿಶ್ಶೇಷವಾಗಿ ಭಾಗವಾಗುವುದರಿಂದ ಎಲ್ಲರಿಗೂ ಪ್ರಿಯವಾದ ಸಂಖ್ಯೆ. ಆದರೆ ಹನ್ನೆರಡರ ಮೂರನೇ ಒಂದು ನಾಲ್ಕು, ಕಾಲುಭಾಗ ಮೂರು, ಹೀಗೆ ಮೂರು ಮತ್ತು ನಾಲ್ಕು ಅದಲುಬದಲಾಗಿ ಕಾಣಿಸಿಕೊಂಡು ಮೊದಲ ಬಾರಿ ಕಲಿಯುವ ಮಗುವನ್ನು ಗೊಂದಲಕ್ಕೆ ದೂಡುತ್ತವೆ. ಒಂಬತ್ತರ ಮೂರನೇ ಒಂದು, ಹದಿನಾರರ ಕಾಲು, ನಾಲ್ಕರ ಅರ್ಧ ಎಂಬ ಪ್ರಶ್ನೆಗಳಲ್ಲಿ ಬೇರೊಂದು ತೊಂದರೆಯಿದೆ. ಛೇದದಷ್ಟೇ ವಸ್ತುಗಳನ್ನು ಎತ್ತಿಕೊಳ್ಳುವ ತಪ್ಪು ದಾರಿ ಹಿಡಿದ ಮಗುವಿಗೂ ಇವುಗಳಲ್ಲಿ ಸರಿಯಾದ ಉತ್ತರವೇ ಸಿಗುತ್ತದೆ, ತಪ್ಪು ಯಾರ ಕಣ್ಣಿಗೂ ಬೀಳುವುದಿಲ್ಲ. ಆದ್ದರಿಂದ ಅರ್ಧಕ್ಕೆ 6 ಅಥವಾ 10, ಕಾಲಿಗೆ 8 ಅಥವಾ 20, ಮೂರನೇ ಒಂದಕ್ಕೆ 6 ಅಥವಾ 15 ಬಳಸಿ ಆರಂಭಿಸಿ, ಹನ್ನೆರಡಕ್ಕೆ ನಂತರ ಬನ್ನಿ.

ಮೊದಲ ಪಾಠ ಹೇಗಿರಬೇಕು?

ಒಂದು ಉದ್ದನೆಯ ದಾರ, ಕೆಲವು ಚಿಕ್ಕ ದಾರಗಳು ಮತ್ತು ಎಂಟು ಗುಂಡಿಗಳು ಬೇಕು. ಎಂಟೂ ಗುಂಡಿಗಳನ್ನು ನೆಲದ ಮೇಲಿಟ್ಟು ಅವುಗಳ ಸುತ್ತ ಉದ್ದನೆಯ ದಾರವನ್ನು ಬಳೆಯಾಕಾರದಲ್ಲಿ ಹರಡಿ, ‘ಈ ದಾರದ ಒಳಗಿರುವುದೆಲ್ಲ ಸೇರಿ ಒಂದು ಗುಂಪು’ ಎಂದು ಹೇಳಿ. ಮಗು ಆ ದಾರದ ಮೇಲೆ ಬೆರಳಾಡಿಸಿ ಗುಂಪನ್ನು ಸುತ್ತಿ ಬರಲಿ. ಬಳಿಕ ಗುಂಡಿಗಳನ್ನು ಇಬ್ಬರಿಗೆ ಸಮನಾಗಿ ಹಂಚುವಂತೆ ಹೇಳಿ, ಆದರೆ ಹಂಚಿಕೆ ಉದ್ದನೆಯ ದಾರದ ಒಳಗೇ ನಡೆಯಬೇಕು. ಪ್ರತಿ ಪಾಲಿನ ಸುತ್ತ ಒಂದೊಂದು ಚಿಕ್ಕ ದಾರವನ್ನಿಟ್ಟಾಗ ಪೂರ್ಣವೂ ಭಾಗಗಳೂ ಏಕಕಾಲಕ್ಕೆ ಮಗುವಿನ ಕಣ್ಣೆದುರು ಇರುತ್ತವೆ. ಪಾಲನ್ನು ಗುಂಪಿನಿಂದ ಎತ್ತಿ ದೂರ ಇಟ್ಟ ಕ್ಷಣ ಮಗುವಿಗೆ ಉಳಿದ ನಾಲ್ಕು ಮಾತ್ರ ಕಾಣುತ್ತವೆ, ಎಂಟು ಎಂಬುದು ನೆನಪಿನಲ್ಲಿಯೇ ಉಳಿಯಬೇಕಾಗುತ್ತದೆ. ಮೊದಲ ಪಾಠಗಳಲ್ಲಿ ಹೊರಗಿನ ದಾರವನ್ನು ಯಾವ ಕಾರಣಕ್ಕೂ ತೆಗೆಯಬಾರದು ಎಂದು ನಾನು ಒತ್ತಿ ಹೇಳುವುದು ಇದಕ್ಕಾಗಿಯೇ.

ಪ್ರಶ್ನೆಗಳನ್ನು ಪ್ರತಿ ಬಾರಿಯೂ ಒಂದೇ ಕ್ರಮದಲ್ಲಿ ಕೇಳಿ. ಇಡೀ ಗುಂಪು ಯಾವುದು? ಅದರಲ್ಲಿ ಎಷ್ಟು ಸಮಭಾಗಗಳಿವೆ? ಒಂದು ಭಾಗವನ್ನು ಏನೆಂದು ಕರೆಯುತ್ತೇವೆ? ಆ ಒಂದು ಭಾಗದಲ್ಲಿ ಎಷ್ಟು ಗುಂಡಿಗಳಿವೆ? ಭಾಗದ ಹೆಸರು ಮೊದಲು, ಗುಂಡಿಗಳ ಎಣಿಕೆ ನಂತರ ಎಂಬ ಈ ಕ್ರಮವನ್ನು ಕಾಪಾಡಿಕೊಳ್ಳಿ. ಎಣಿಕೆಯನ್ನೇ ಮೊದಲು ಕೇಳಿದರೆ ಮಗುವಿನ ಗಮನವೆಲ್ಲ ‘ನಾಲ್ಕು’ ಎಂಬ ಉತ್ತರದ ಮೇಲೆ ನಿಂತು, ‘ಅರ್ಧ’ ಎಂಬುದು ಆ ನಾಲ್ಕಕ್ಕೆ ಇನ್ನೊಂದು ಹೆಸರಾಗಿಬಿಡುತ್ತದೆ. ಮರುದಿನ ಆರು ಗುಂಡಿಗಳಿಂದಲೂ ಅದರ ಮರುದಿನ ಹತ್ತರಿಂದಲೂ ಇದನ್ನೇ ಮಾಡಿದಾಗ, ಅರ್ಧವೆಂಬುದು ಒಮ್ಮೆ ಮೂರು, ಒಮ್ಮೆ ನಾಲ್ಕು, ಒಮ್ಮೆ ಐದು ಆಗಬಹುದು ಎಂಬುದನ್ನು ಮಗು ತಾನೇ ಕಂಡುಕೊಳ್ಳುತ್ತದೆ.

ಮೂರನೇ ಒಂದು ಭಾಗ ಕೇಳಿದರೆ ಮಗು ಮೂರು ವಸ್ತುಗಳನ್ನು ಕೊಡುತ್ತದೆ. ತಿದ್ದುವುದು ಹೇಗೆ?

ತಪ್ಪೆಂದು ಹೇಳುವ ಮೊದಲು ಆ ಮೂರನ್ನು ಒಂದು ಪಾಲೆಂದು ಒಪ್ಪಿಕೊಂಡು, ‘ಹಾಗಾದರೆ ಇಷ್ಟಿಷ್ಟೇ ಇರುವ ಪಾಲುಗಳು ಇಡೀ ಗುಂಪಿನಲ್ಲಿ ಎಷ್ಟು ಆಗುತ್ತವೆ, ಮಾಡಿ ನೋಡು’ ಎನ್ನಿ. ಹದಿನೈದರಲ್ಲಿ ಮೂರು ಮೂರರಂತೆ ಐದು ಪಾಲುಗಳಾಗುತ್ತವೆ. ಮೂರು ಪಾಲು ಬೇಕಾಗಿತ್ತು, ಆಗಿರುವುದು ಐದು ಎಂಬುದನ್ನು ಮಗು ತನ್ನ ಕೈಯಾರೆ ಕಂಡಾಗ ತಿದ್ದುಪಡಿ ಮನಸ್ಸಿನಲ್ಲಿ ನಿಲ್ಲುತ್ತದೆ. ಮೂರು ಖಾಲಿ ತಟ್ಟೆಗಳನ್ನು ಮೊದಲೇ ಇಟ್ಟು ಹಂಚಿಸುವುದೂ ನೆರವಾಗುತ್ತದೆ. ಛೇದವು ತಟ್ಟೆಗಳ ಎಣಿಕೆ, ವಸ್ತುಗಳ ಎಣಿಕೆಯಲ್ಲ ಎಂಬುದು ಇದರಿಂದ ಮಾತಿಲ್ಲದೆ ಗೊತ್ತಾಗುತ್ತದೆ.

ಎರಡು ನೀಲಿ, ಮೂರು ಹಳದಿ ಬಿಲ್ಲೆಗಳಿದ್ದಾಗ ನೀಲಿಯ ಭಾಗ 2/3 ಎನ್ನುವ ಮಗುವಿಗೆ ಏನು ಹೇಳಬೇಕು?

ಇದು ಪಿಯಾಜೆಯ ಮಣಿಪೆಟ್ಟಿಗೆಯ ತಪ್ಪೇ. ನೀಲಿಯನ್ನು ಎಣಿಸಿದ ಮೇಲೆ ಅವು ಮಗುವಿನ ಲೆಕ್ಕದಿಂದ ಹೊರಗಾಗಿವೆ, ಉಳಿದಿರುವುದು ಹಳದಿ ಮಾತ್ರ. ಐದೂ ಬಿಲ್ಲೆಗಳನ್ನು ದಾರದಿಂದ ಸುತ್ತುವರಿದು, ಮೊದಲು ‘ಈ ಗುಂಪಿನಲ್ಲಿ ಒಟ್ಟು ಎಷ್ಟು’ ಎಂದು ಕೇಳಿ ಆ ಸಂಖ್ಯೆಯನ್ನು ಗೆರೆಯ ಕೆಳಗೆ ಬರೆಸಿ, ಆಮೇಲೆ ‘ಇವುಗಳಲ್ಲಿ ನೀಲಿ ಎಷ್ಟು’ ಎಂದು ಕೇಳಿ ಮೇಲೆ ಬರೆಸಿ. ಇನ್ನೊಂದು ಉಪಾಯವೆಂದರೆ ಐದೂ ಬಿಲ್ಲೆಗಳನ್ನು ಹಳದಿ ಬದಿ ಮೇಲಿರುವಂತೆ ಇಟ್ಟು ಒಂದೊಂದನ್ನೇ ಮಗುಚುತ್ತ, ಐದನೇ ಒಂದು, ಐದನೇ ಎರಡು, ಐದನೇ ಮೂರು ಎಂದು ಹೇಳಿಸುವುದು. ಮೇಲಿನ ಸಂಖ್ಯೆ ಬದಲಾಗುತ್ತಿದ್ದರೂ ಐದು ಕದಲುವುದಿಲ್ಲ. ಕೊನೆಯ ಬಿಲ್ಲೆಯನ್ನೂ ಮಗುಚಿದಾಗ 5/5 ಎಂದರೆ ಇಡೀ ಗುಂಪು ಎಂಬುದೂ ಕಂಡುಬರುತ್ತದೆ. ನೀಲಿಗೂ ಹಳದಿಗೂ ಇರುವ 2:3 ಎಂಬ ಹೋಲಿಕೆ ಅನುಪಾತವೆನಿಸುತ್ತದೆ, ಅದನ್ನು ದೊಡ್ಡ ತರಗತಿಗಳಲ್ಲಿ ಕಲಿಸಲಾಗುತ್ತದೆ.

ಗುಂಪಿನ ವಸ್ತುಗಳೆಲ್ಲ ಒಂದೇ ಗಾತ್ರದವಾಗಿರಬೇಕೆ?

ಬೇಕಿಲ್ಲ. ದೊಡ್ಡ ಕಲ್ಲು ಎರಡು, ಸಣ್ಣ ಕಲ್ಲು ನಾಲ್ಕು ಇದ್ದರೆ ಗುಂಪಿನ ಅರ್ಧವೆಂದರೆ ಯಾವುದಾದರೂ ಮೂರು ಕಲ್ಲುಗಳು, ಏಕೆಂದರೆ ನಾವು ಎಣಿಸುತ್ತಿರುವುದು ಕಲ್ಲುಗಳನ್ನು, ಅವುಗಳ ತೂಕವನ್ನಲ್ಲ. ಆಕೃತಿಯ ಪಾಠದಲ್ಲಿ ಭಾಗಗಳು ಒಂದೇ ಅಳತೆಯವಾಗಿರಬೇಕು ಎಂದು ಕಲಿತ ಮಗು ಇದನ್ನು ಪ್ರಶ್ನಿಸಿದರೆ ಸಂತೋಷಪಡಬೇಕು. ಆರಂಭದ ಪಾಠಗಳಲ್ಲಿ ಒಂದೇ ಗಾತ್ರದ ವಸ್ತುಗಳನ್ನೂ ನಂತರ ಬೆರಕೆ ಗುಂಪುಗಳನ್ನೂ ಕೊಡಿ.

ಹನ್ನೆರಡರಲ್ಲಿ ನಾಲ್ಕು ನೀಲಿ. ಇದು 4/12 ಅಥವಾ 1/3?

ಎರಡೂ ಸರಿ. ಸಮಾನ ಭಿನ್ನರಾಶಿಗಳ ಪರಿಚಯಕ್ಕೆ ಇದಕ್ಕಿಂತ ಒಳ್ಳೆಯ ಸಂದರ್ಭ ಸಿಗಲಾರದು. ಬಿಲ್ಲೆಗಳನ್ನು ಅಡ್ಡಲಾಗಿ ಮೂರು ಸಾಲು, ಪ್ರತಿ ಸಾಲಿನಲ್ಲಿ ನಾಲ್ಕರಂತೆ ಜೋಡಿಸಿ, ನೀಲಿಯವು ಒಂದು ಸಾಲನ್ನು ತುಂಬುವಂತೆ ಇಡಿ. ಒಂದೊಂದೇ ಬಿಲ್ಲೆಯನ್ನು ನೋಡಿದರೆ ಹನ್ನೆರಡರಲ್ಲಿ ನಾಲ್ಕು ಕಾಣುತ್ತದೆ, ಸಾಲುಗಳನ್ನು ನೋಡಿದರೆ ಮೂರರಲ್ಲಿ ಒಂದು ಕಾಣುತ್ತದೆ. ಎರಡೆರಡು ಬಿಲ್ಲೆಗಳನ್ನು ಜೋಡಿಯಾಗಿ ನೋಡಿದರೆ ಆರರಲ್ಲಿ ಎರಡು. ಇದೇ ಜೋಡಣೆಯಲ್ಲಿ ಲಂಬ ಸಾಲೊಂದು ಗುಂಪಿನ ಕಾಲುಭಾಗವಾಗುತ್ತದೆ. ಹನ್ನೆರಡು ಬಿಲ್ಲೆಗಳು ಜಾಗ ಬಿಟ್ಟು ಕದಲದೆಯೇ ಇಷ್ಟೆಲ್ಲ ಹೆಸರುಗಳನ್ನು ಪಡೆಯುವುದನ್ನು ಮಕ್ಕಳು ನಿಜವಾದ ಬೆರಗಿನಿಂದ ನೋಡುತ್ತಾರೆ. ಆ ಹೊತ್ತಿನಲ್ಲಿ ‘ಸಂಕ್ಷೇಪಿಸು’ ಎಂಬ ನಿಯಮವನ್ನು ಮುಂದೆ ತಂದು ಅದನ್ನು ಕೆಡಿಸಬೇಡಿ.

ಸಮನಾಗಿ ಹಂಚಲಾಗದ ಗುಂಪನ್ನು ಕೊಡಬಹುದೆ?

ಹಂಚಿಕೆ ಗಟ್ಟಿಯಾದ ಮೇಲೆ ಖಂಡಿತ ಕೊಡಿ. ಏಳು ಗೋಲಿಗಳ ಅರ್ಧ ಕೇಳಿದಾಗ ಮೂರು ಮೂರು ಹಂಚಿ ಒಂದು ಉಳಿಯುತ್ತದೆ, ಗೋಲಿಯನ್ನು ಒಡೆಯಲಾಗದು. ಏಳು ಕಾಗದದ ಹಾಳೆಗಳಾದರೆ ಉಳಿದ ಹಾಳೆಯನ್ನು ಮಡಚಿ ಕತ್ತರಿಸಿ ಮೂರೂವರೆಯಂತೆ ಹಂಚಬಹುದು. ಗುಂಪಿನ ಭಾಗವೂ ಆಕೃತಿಯ ಭಾಗವೂ ಒಂದನ್ನೊಂದು ಸಂಧಿಸುವ ಸ್ಥಳ ಇದು.

ಅರ್ಧವು ಯಾವಾಗಲೂ ಕಾಲಿಗಿಂತ ಹೆಚ್ಚೇ?

ಪೂರ್ಣ ಒಂದೇ ಆಗಿದ್ದರೆ ಮಾತ್ರ. ಎಂಟರ ಅರ್ಧ ನಾಲ್ಕು, ಇಪ್ಪತ್ತರ ಕಾಲು ಐದು. ಹೋಲಿಸುವ ಮುನ್ನ ‘ಯಾವುದರ ಅರ್ಧ, ಯಾವುದರ ಕಾಲು’ ಎಂದು ಮಗುವೇ ಮರುಪ್ರಶ್ನೆ ಹಾಕುವಂತಾಗಬೇಕು.

‘ಛೇದದಿಂದ ಭಾಗಿಸು, ಅಂಶದಿಂದ ಗುಣಿಸು’ ಎಂಬ ಸೂತ್ರವನ್ನು ಯಾವಾಗ ಹೇಳಿಕೊಡಬೇಕು?

ಮಗು ತಾನು ಮಾಡುತ್ತಿರುವುದನ್ನು ತನ್ನ ಮಾತಿನಲ್ಲಿ ವಿವರಿಸಲು ಶಕ್ತವಾದ ಮೇಲೆ. ಹದಿನೈದರ ಮೂರನೇ ಎರಡು ಕಂಡುಹಿಡಿಯಲು ಮೂರು ಪಾಲು ಮಾಡಿ ಎರಡು ಪಾಲು ತೆಗೆದುಕೊಂಡ ಮಗು 15 ÷ 3 = 5, 5 × 2 = 10 ಎಂಬುದನ್ನೇ ಮಾಡಿದೆ. ಆ ಕ್ರಿಯೆಗೆ ಬರಹದ ರೂಪ ಕೊಡುವುದಷ್ಟೇ ಬಾಕಿ. ಸೂತ್ರವೇ ಮೊದಲು ಬಂದರೆ ಉತ್ತರಗಳು ಬೇಗ ಸರಿಯಾಗುತ್ತವೆ. ಆದರೆ ಯಾವುದರಿಂದ ಭಾಗಿಸಬೇಕು ಎಂಬುದು ಮರೆತ ದಿನ ಮಗುವಿಗೆ ಹಿಂದಿರುಗಿ ಹೋಗಲು ಯಾವ ಚಿತ್ರವೂ ಇರುವುದಿಲ್ಲ. ಅಂಶ, ಛೇದಗಳನ್ನು ಮೇಲೆ ಕೆಳಗೆ ಬರೆಯುವ ಪದ್ಧತಿಗೂ ಇದೇ ಮಾತು ಅನ್ವಯಿಸುತ್ತದೆ. ಬಾಯಿಮಾತಿನ ಹೆಸರುಗಳು ಚೆನ್ನಾಗಿ ರೂಢಿಯಾದ ಮೇಲೆ ಸಂಕೇತ ಬರಲಿ.

ಗುಂಪುಗಳನ್ನು ಬಳಸಿ ಭಿನ್ನರಾಶಿಗಳ ಸಂಕಲನ ಕಲಿಸಬಹುದೆ?

ಬಹಳ ಎಚ್ಚರಿಕೆಯಿಂದ. ಎರಡು ಬಿಲ್ಲೆಗಳ ಗುಂಪೊಂದರಲ್ಲಿ ಒಂದು ನೀಲಿ, ಅಂದರೆ 1/2. ಮೂರು ಬಿಲ್ಲೆಗಳ ಇನ್ನೊಂದು ಗುಂಪಿನಲ್ಲಿ ಎರಡು ನೀಲಿ, ಅಂದರೆ 2/3. ಎರಡೂ ಗುಂಪುಗಳನ್ನು ಕೂಡಿಸಿದರೆ ಐದರಲ್ಲಿ ಮೂರು ನೀಲಿ, 3/5. ಅಂಶಕ್ಕೆ ಅಂಶ, ಛೇದಕ್ಕೆ ಛೇದ ಕೂಡಿಸುವ ತಪ್ಪು ಕ್ರಮವನ್ನು ವಸ್ತುಗಳೇ ಸಮರ್ಥಿಸುತ್ತಿರುವಂತೆ ಇಲ್ಲಿ ಕಾಣುತ್ತದೆ. ಕಣ್ಣೆದುರು ನಡೆದದ್ದು ಸುಳ್ಳಲ್ಲವಾದ್ದರಿಂದ ಮಗುವಿನೊಂದಿಗೆ ವಾದಿಸಿ ಗೆಲ್ಲುವುದೂ ಸುಲಭವಲ್ಲ. ಆದರೆ ಅಲ್ಲಿ ನಡೆದದ್ದು ಭಿನ್ನರಾಶಿಗಳ ಸಂಕಲನವಲ್ಲ. 1/2ಕ್ಕೆ ಪೂರ್ಣವಾಗಿದ್ದುದು ಎರಡು ಬಿಲ್ಲೆ, 2/3ಕ್ಕೆ ಮೂರು ಬಿಲ್ಲೆ, 3/5ಕ್ಕೆ ಐದು ಬಿಲ್ಲೆ. ಮೂರು ಕಡೆಯೂ ಪೂರ್ಣವು ಬೇರೆ ಬೇರೆಯಾಗಿದೆ. ಉತ್ತರವಾದ 3/5 ಕೂಡಿಸಿದ 2/3ಕ್ಕಿಂತ ಕಡಿಮೆ ಎಂಬುದೇ ಎಲ್ಲೋ ತಪ್ಪಿದೆ ಎಂಬುದರ ಸುಳಿವು.

ಕೂಡಿಸಲೇಬೇಕಾದರೆ ಒಂದೇ ಗುಂಪಿನೊಳಗೆ ಕೂಡಿಸಿ. ಹನ್ನೆರಡು ಬಿಲ್ಲೆಗಳ ಅರ್ಧ ಆರು, ಅದೇ ಹನ್ನೆರಡರ ಕಾಲು ಮೂರು, ಸೇರಿ ಒಂಬತ್ತು, ಅಂದರೆ ಅದೇ ಗುಂಪಿನ ಮುಕ್ಕಾಲು. ಹೊರಗಿನ ದಾರ ಒಂದೇ ಆಗಿರುವವರೆಗೆ ಸಂಕಲನಕ್ಕೆ ಅರ್ಥವಿರುತ್ತದೆ.

ಮಗುವಿಗೆ ನಿಜವಾಗಿ ಅರ್ಥವಾಗಿದೆ ಎಂದು ತಿಳಿಯುವುದು ಹೇಗೆ?

ಮುದ್ರಿತ ಅಭ್ಯಾಸದ ಹಾಳೆಯಲ್ಲಿ ಐದರಲ್ಲಿ ಎರಡು ನಕ್ಷತ್ರಗಳಿಗೆ ಬಣ್ಣ ಹಚ್ಚಿ 2/5 ಎಂದು ಬರೆಯುವುದು ಏನನ್ನೂ ಸಾಬೀತುಪಡಿಸುವುದಿಲ್ಲ. ಎಣಿಸಲು ಬಂದರೆ ಅಷ್ಟು ಸಾಕಾಗುತ್ತದೆ. ಪ್ರಶ್ನೆಯನ್ನು ಹಿಂದುಮುಂದು ಮಾಡಿ ಕೇಳಿ: ‘ಈ ಮೂರು ಗುಂಡಿಗಳು ಒಂದು ಗುಂಪಿನ ಕಾಲುಭಾಗ. ಆ ಗುಂಪಿನಲ್ಲಿ ಒಟ್ಟು ಎಷ್ಟು ಗುಂಡಿಗಳಿವೆ?’ ಕಣ್ಣಿಗೆ ಕಾಣದ ಪೂರ್ಣವನ್ನು ಭಾಗದಿಂದ ಕಟ್ಟಿ ಹನ್ನೆರಡು ಎಂದು ಹೇಳಬಲ್ಲ ಮಗುವಿಗೆ ವಿಷಯ ದಕ್ಕಿದೆ. ‘ಆರು ಗುಂಡಿಗಳು ಗುಂಪಿನ ಮೂರನೇ ಎರಡು ಭಾಗ’ ಎಂಬುದು ಇದಕ್ಕಿಂತ ಒಂದು ಮೆಟ್ಟಿಲು ಮೇಲಿನ ಪ್ರಶ್ನೆ. ಇದಕ್ಕೆ ಒಂಬತ್ತು ಎಂಬ ಉತ್ತರ ಬರಬೇಕಾದರೆ ಮಗು ಮೊದಲು ಆರನ್ನು ಎರಡು ಪಾಲು ಮಾಡಿ ಒಂದು ಪಾಲಿನಲ್ಲಿ ಮೂರು ಎಂದು ಗುರುತಿಸಬೇಕು. ಉತ್ತರ ಬಂದ ಮೇಲೂ ‘ನಿನಗೆ ಹೇಗೆ ಗೊತ್ತಾಯಿತು’ ಎಂದು ಕೇಳುವುದನ್ನು ಬಿಡಬೇಡಿ.

ಗುಂಪಿನ ಮಾದರಿಯೊಂದೇ ಎಲ್ಲಿಯವರೆಗೆ ಸಾಕಾಗುತ್ತದೆ?

ಪೂರ್ಣಕ್ಕಿಂತ ಹೆಚ್ಚಿನ ಭಿನ್ನರಾಶಿ ಬರುವವರೆಗೆ. ಎಂಟು ಗುಂಡಿಗಳ 5/4 ಭಾಗವನ್ನು ಆ ಎಂಟರೊಳಗೆ ಹುಡುಕಿದರೆ ಸಿಗದು, ಹೊರಗಿನಿಂದ ಎರಡು ಗುಂಡಿಗಳನ್ನು ತರಬೇಕಾಗುತ್ತದೆ. ಹಾಗೆ ತಂದ ಮೇಲೆ ಪೂರ್ಣ ಎಂಟೋ ಹತ್ತೋ ಎಂಬ ಗೊಂದಲ ಹುಟ್ಟುತ್ತದೆ. ಎರಡು ಭಿನ್ನರಾಶಿಗಳ ನಡುವೆ ಮತ್ತೊಂದು ಇದ್ದೇ ಇರುತ್ತದೆ ಎಂಬುದನ್ನೂ ಬಿಡಿ ವಸ್ತುಗಳಿಂದ ತೋರಿಸಲಾಗದು. ಈ ಎರಡು ವಿಷಯಗಳಿಗೆ ಸಂಖ್ಯಾರೇಖೆಯೇ ಬೇಕು, ಏಕೆಂದರೆ ಅಲ್ಲಿ 5/4 ಎಂಬುದು ಒಂದನ್ನು ದಾಟಿ ಕಾಲುಭಾಗ ಮುಂದೆ ಇರುವ ಒಂದು ಬಿಂದು, ಯಾವುದರಿಂದಲೂ ತೆಗೆದ ಪಾಲಲ್ಲ. ಅರ್ಧ, ಕಾಲು, ಮುಕ್ಕಾಲುಗಳನ್ನು ಗುಂಪಿನಲ್ಲಿ ತಡವರಿಸದೆ ಗುರುತಿಸುವ ಮಗುವಿಗೆ ಅದೇ ಭಿನ್ನರಾಶಿಗಳನ್ನು ರೇಖೆಯ ಮೇಲೆ ಗುರುತಿಸಲು ಹೇಳಿ, ಗುಂಡಿಗಳನ್ನು ಪಕ್ಕದಲ್ಲಿಯೇ ಇರಗೊಡಿ.